ಯುದ್ಧ ಮುರಿದ ಆಟ: ಗಾಯಾಳು ಕ್ರೀಡಾಪಟುವಿಗೆ ಮುಂದಿನ ದಾರಿ ಯಾವುದು?

2025ರ ಮೇ 9ರಂದು ಐಪಿಎಲ್ ಪಂದ್ಯಗಳನ್ನು ನಿಲ್ಲಿಸಲಾಯಿತು. ಪಾಕಿಸ್ತಾನದ ಗಡಿಯಲ್ಲಿ ಡ್ರೋನ್, ಕ್ಷಿಪಣಿಗಳ ಕಾದಾಟ ನಡೆದಿದ್ದ ದಿನಗಳವು. ಗುಂಡಿನ ಸದ್ದು ನಿಂತ ಮೇಲೆ, ಮೇ 17ಕ್ಕೆ ಪಂದ್ಯಗಳು ಮತ್ತೆ ಶುರುವಾದವು. ಮೇ 24ಕ್ಕೆ ಗೊತ್ತಾಗಿದ್ದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ಮುಂದಕ್ಕೆ ಹೋಗಿ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಅದೇ ಮೇ ತಿಂಗಳಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ನಮ್ಮ ಭಾಗದ ಹಳ್ಳಿಗಳಿಗೆ ರಜೆ ಮೇಲೆ ಬಂದಿದ್ದ ಸೈನಿಕರು ಕರೆ ಬಂದ ಕೂಡಲೇ ಬ್ಯಾಗು ಕಟ್ಟಿಕೊಂಡು ಗಡಿಯ ರೈಲು ಹತ್ತಿದರು. ಊರ ಗರಡಿಯಲ್ಲಿ ಪಳಗಿದ ಪೈಲ್ವಾನರು, ಜಿಲ್ಲಾ ಕ್ರೀಡಾಕೂಟದಲ್ಲಿ ಓಡಿದವರು, ಸೈಕಲ್ ತುಳಿದವರು ಇಂಥವರ ನಡುವೆ ಸದಾ ಇರುತ್ತಾರೆ. ಅವರ ಆಟ ನಿಂತರೆ ಮತ್ತೆ ಯಾವಾಗ ಶುರು ಎಂಬ ದಿನಾಂಕವನ್ನು ಯಾವ ಮಂಡಳಿಯೂ ಪ್ರಕಟಿಸುವುದಿಲ್ಲ.

ಯುದ್ಧ ಉದ್ದಕ್ಕೆ ಬೆಳೆದಲ್ಲಿ ಏನಾಗುತ್ತದೆ ಎಂಬುದಕ್ಕೆ ಉಕ್ರೇನ್ ಕಣ್ಣೆದುರಿಗಿದೆ. ಹಿಮದ ಮೇಲೆ ಜಾರುತ್ತ ಗುರಿಗೆ ಗುಂಡು ಹೊಡೆಯುವ ಬಯಾಥ್ಲಾನ್ ಆಟಗಾರ ಯೆವ್ಹೆನ್ ಮಾಲಿಶೆವ್ 2022ರಲ್ಲಿ ಹಾರ್ಕಿವ್ ಬಳಿ ಸತ್ತಾಗ ಅವನಿಗೆ 19 ವರ್ಷ. 2018ರ ಯುವ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಬಾಕ್ಸರ್ ಮಾಕ್ಸಿಮ್ ಹಾಲಿನಿಚೆವ್ 2023ರ ಮಾರ್ಚ್‌ನಲ್ಲಿ ಲುಹಾನ್ಸ್ಕ್ ರಂಗದಲ್ಲಿ ಮಡಿದಾಗ 22. ಇವರ ಹೆಸರು ಸುದ್ದಿಯಾಯಿತು. ಕಾಲು, ಕೈ, ಕಿವಿ ಕಳೆದುಕೊಂಡು ಮನೆಗೆ ಮರಳಿದವರ ಹೆಸರು ಅಷ್ಟಾಗಿ ಬರುವುದಿಲ್ಲ. ಎಲ್ಲ ದೇಶಗಳಲ್ಲೂ ಹಾಗೆಯೇ.

ಈ ಲೇಖನ ಮರಳಿ ಬಂದವರ ಬಗ್ಗೆ. ಯುದ್ಧದ ಗಾಯ ಒಬ್ಬ ಕ್ರೀಡಾಪಟುವಿನ ಮೊದಲ ಆಟವನ್ನು ಒಂದೇ ದಿನದಲ್ಲಿ ಮುಗಿಸಬಹುದು. ಆದರೆ ಎರಡನೆಯ ಆಟ ಶುರುವಾಗುತ್ತದೋ ಇಲ್ಲವೋ ಎಂಬುದನ್ನು ಬೇರೆಯೇ ಸಂಗತಿಗಳು ತೀರ್ಮಾನಿಸುತ್ತವೆ: ಗಾಯವಾದ ಮೊದಲ ಆರೇಳು ತಿಂಗಳ ಆರೈಕೆ, ಅದೇ ಅವಧಿಯಲ್ಲಿ ಆಗಬೇಕಾದ ಕಾಗದಪತ್ರ, ಮತ್ತು ಆತ ಸೇನೆಗೆ ಯಾವ ಬಾಗಿಲಿನಿಂದ ಒಳಗೆ ಹೋಗಿದ್ದ ಎಂಬುದು. ನಮ್ಮ ಜಿಲ್ಲೆಗಳಲ್ಲಿ ಈ ಮೂರನ್ನೂ ಗಾಯವಾದ ಮೇಲೆ ವಿಚಾರಿಸಲು ಹೊರಡುತ್ತೇವೆ. ಅಷ್ಟರಲ್ಲಿ ಅರ್ಧ ಅವಕಾಶ ಕೈತಪ್ಪಿರುತ್ತದೆ.

ಮೈದಾನ, ಗರಡಿ, ಮಿಲಿಟರಿ

‘ಓಡಿದ್ರ ಮಿಲ್ಟ್ರಿ ಸಿಗ್ತದ’ ಎಂದು ಹಿರಿಯರು ಹುಡುಗರಿಗೆ ಹೇಳುವುದು ಈ ಭಾಗದಲ್ಲಿ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಚಿಕ್ಕ ಹುಡುಗರನ್ನು ಆಯ್ದು ಓದಿನ ಜೊತೆ ಕುಸ್ತಿ ಕಲಿಸಿ, ವಯಸ್ಸು ಬಂದಾಗ ಸೇನೆಗೆ ಸೇರಿಸಿಕೊಳ್ಳುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯೂ ಅಲ್ಲೇ ಇದೆ. ವಿಜಯಪುರದ ಸೈನಿಕ ಶಾಲೆ 1963ರದ್ದು. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳು ರಾಜ್ಯ ತಂಡದ ಬೆನ್ನೆಲುಬು. ಇವರಲ್ಲಿ ಬಹಳ ಮಂದಿಗೆ ಆಟವೇ ಗುರಿಯಲ್ಲ, ಸಂಬಳದ ನೌಕರಿ ಗುರಿ. ಹತ್ತಿರದಲ್ಲಿ ಸಿಗುವ ದೊಡ್ಡ ನೌಕರಿ ಸೇನೆಯದ್ದು.

ಭರ್ತಿಯ ತಯಾರಿಯೇ ಆಟವನ್ನು ಒಂದಿಷ್ಟು ಬಾಗಿಸುತ್ತದೆ. ಅಗ್ನಿವೀರ್ ದೈಹಿಕ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡ್‌ನೊಳಗೆ ಮುಗಿಸಿದರೆ ಪೂರ್ಣ 60 ಅಂಕ, 10 ಪುಲ್‌ಅಪ್‌ಗೆ 40 ಅಂಕ. ಹೀಗಾಗಿ 400 ಮೀಟರ್ ಓಡಬೇಕಾದ ಹುಡುಗ 1.6 ಕಿ.ಮೀ.ಗೆ ತಯಾರಾಗುತ್ತಾನೆ, ಪೈಲ್ವಾನ ತೂಕ ಇಳಿಸುತ್ತಾನೆ. ಅದು ತಪ್ಪೆಂದು ಹೇಳಲಾಗದು, ಮನೆಯ ಅಗತ್ಯ ಹಾಗಿರುತ್ತದೆ. ಆದರೆ ಆಟದ ಪ್ರಮಾಣಪತ್ರಗಳನ್ನು ಅದೇ ಹೊತ್ತಿಗೆ ಟ್ರಂಕಿನ ತಳಕ್ಕೆ ಹಾಕಿಬಿಡುವುದು ತಪ್ಪು. ಅವು ಮುಂದೆ ಎಲ್ಲಿ ಬೇಕಾಗುತ್ತವೆ ಎಂಬುದು ಕೆಳಗೆ ಬರುತ್ತದೆ.

ಕಾಲ ಕಳೆದುಕೊಂಡವರು, ದೇಹ ಕಳೆದುಕೊಂಡವರು

ಯುದ್ಧ ಆಟವನ್ನು ಎರಡು ಬಗೆಯಲ್ಲಿ ಮುರಿಯುತ್ತದೆ. ಒಂದು, ವರ್ಷಗಳನ್ನು ನುಂಗುತ್ತದೆ. ಇನ್ನೊಂದು, ದೇಹವನ್ನೇ ಬದಲಿಸುತ್ತದೆ. ಬೆಳಗಾವಿಯ ಕ್ರೀಡಾ ಇತಿಹಾಸ ಮೊದಲನೆಯದಕ್ಕೆ ಅಂಟಿಕೊಂಡೇ ಶುರುವಾಗುತ್ತದೆ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ 5,000 ಮೀಟರ್ ಓಟದಲ್ಲಿ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 14 ನಿಮಿಷ 36.6 ಸೆಕೆಂಡ್, ಫ್ರಾನ್ಸಿನ ಜ್ಯಾನ್ ಬುಯ್ನ್ 14 ನಿಮಿಷ 36.7 ಸೆಕೆಂಡ್. ಎರಡು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. 1914ರ ಸೆಪ್ಟೆಂಬರ್ 29ರಂದು ಬುಯ್ನ್ ರಣರಂಗದಲ್ಲಿ ಸತ್ತ. ಅವನಿಗಿನ್ನೂ 26 ತುಂಬಿರಲಿಲ್ಲ. 1916ರ ಬರ್ಲಿನ್ ಒಲಿಂಪಿಕ್ಸ್ ರದ್ದಾಯಿತು. ಕೊಲೆಹ್ಮೈನೆನ್ ತನ್ನ ಹರೆಯದ ಒಂದು ಇಡೀ ಒಲಿಂಪಿಕ್ಸ್ ಕಳೆದುಕೊಂಡ. ಆದರೂ ದೂರ ಬದಲಿಸಿ, ಮ್ಯಾರಥಾನ್‌ಗೆ ಹೊರಳಿ, 1920ರ ಆಂಟ್‌ವರ್ಪ್‌ನಲ್ಲಿ 2 ಗಂಟೆ 32 ನಿಮಿಷ 35.8 ಸೆಕೆಂಡ್‌ಗಳಲ್ಲಿ ಚಿನ್ನ ಗೆದ್ದ. ಆ ಓಟದ ದೂರ 42.75 ಕಿ.ಮೀ., ಇಂದಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಅದೇ ಓಟದಲ್ಲಿ 2 ಗಂಟೆ 50 ನಿಮಿಷ 45.4 ಸೆಕೆಂಡ್‌ಗಳಲ್ಲಿ 19ನೆಯವನಾಗಿ ಬಂದವ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ಓಟಗಾರರನ್ನು ಕಂಡು ದೊರಾಬ್ಜಿ ಟಾಟಾ ಕಳಿಸಿದ ತಂಡದಲ್ಲಿ ಅವರಿದ್ದರು. ಯುದ್ಧ ಮುಗಿದ ಮೇಲಿನ ಮೊದಲ ಒಲಿಂಪಿಕ್ಸ್‌ನಲ್ಲಿ ನಮ್ಮವರು ಓಡಿದ್ದನ್ನು ಹೆಮ್ಮೆಯಿಂದ ನೆನೆಯುವಾಗ, ಆ ಸಾಲಿನಲ್ಲಿ ನಿಲ್ಲಬೇಕಿದ್ದ ಎಷ್ಟೋ ಓಟಗಾರರು ಮಣ್ಣಾಗಿದ್ದರು ಎಂಬುದನ್ನೂ ನೆನೆಯಬೇಕು.

ಕೊಲೆಹ್ಮೈನೆನ್ ಮಾಡಿದ್ದನ್ನು ಇಂದಿನ ಸೈನಿಕ-ಕ್ರೀಡಾಪಟುವೂ ಒಂದು ಮಟ್ಟಿಗೆ ಮಾಡಬಹುದು. ಕಠಿಣ ತರಬೇತಿ ಪೂರ್ತಿ ನಿಂತರೆ, ಚೆನ್ನಾಗಿ ಪಳಗಿದ ಓಟಗಾರನ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯ ಮೂರು ವಾರದಲ್ಲಿ ಸುಮಾರು 7%, ಎರಡು ತಿಂಗಳಲ್ಲಿ ಸುಮಾರು 16% ಇಳಿಯುತ್ತದೆ. ಮೊದಲು ಕುಸಿಯುವುದು ರಕ್ತದ ಪ್ರಮಾಣ, ಅದರ ಹಿಂದೆ ಸ್ನಾಯುಗಳ ಒಳಗಿನ ಬದಲಾವಣೆ. ಸ್ನಾಯುಬಲ ಮಾತ್ರ ಮೂರ್ನಾಲ್ಕು ವಾರ ಹೆಚ್ಚು ಕಡಿಮೆ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ಗಡಿಯ ಕಾವಲು ಪೋಸ್ಟ್‌ನಲ್ಲಿ ಸಮಯ ಸಿಗದವನು ತರಬೇತಿಯ ದಿನಗಳನ್ನು ಕಡಿತ ಮಾಡಬಹುದು, ತೀವ್ರತೆಯನ್ನು ಕಡಿತ ಮಾಡಬಾರದು. ವಾರಕ್ಕೆ ಎರಡೇ ದಿನ, ಅರ್ಧ ಗಂಟೆಯೊಳಗೆ, ಇಳಿಜಾರಿನ ಮೇಲೆ ಒಂದೊಂದು ನಿಮಿಷದ ಎಂಟು ಬಿರುಸಿನ ಏರು-ಓಟ ಮಾಡಿದರೂ ಗಳಿಸಿದ್ದರಲ್ಲಿ ಬಹುಪಾಲು ತಿಂಗಳುಗಟ್ಟಲೆ ಉಳಿಯುತ್ತದೆ. ದಿನಾ ಮೆಲ್ಲಗೆ ಐದು ಕಿಲೋಮೀಟರ್ ಓಡುವುದರಿಂದ ಅಷ್ಟು ಉಳಿಯುವುದಿಲ್ಲ.

ಎತ್ತರದ ಪ್ರದೇಶದಲ್ಲಿ ಈ ಮಾತಿಗೆ ಅಪವಾದವಿದೆ. ಸೇನೆಯಲ್ಲಿ ಹವೆಗೆ ಹೊಂದಿಕೊಳ್ಳಲು 9,000ದಿಂದ 12,000 ಅಡಿಗೆ 6 ದಿನ, 12,000ದಿಂದ 15,000 ಅಡಿಗೆ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ ಎಂಬ ಕ್ರಮವಿದೆ. ಆ ದಿನಗಳಲ್ಲಿ ಓಟ, ದಂಡ, ಬಸ್ಕಿ ಯಾವುದೂ ಬೇಡ. ಶ್ವಾಸಕೋಶದಲ್ಲಿ ನೀರು ತುಂಬುವ ಎತ್ತರದ ಕಾಯಿಲೆ ಕಸುವಿನ ದೇಹವೆಂದು ಬಿಡುವುದಿಲ್ಲ. ‘ನನಗೇನಾಗ್ತದ’ ಎಂದು ಮೊದಲ ದಿನವೇ ಓಡಿದ ಗಟ್ಟಿ ಹುಡುಗನೇ ಹೆಚ್ಚು ಅಪಾಯದಲ್ಲಿರುತ್ತಾನೆ.

ಸಾಂಗಲಿಯ ಬಾಕ್ಸರ್, ನಾಗಾಲ್ಯಾಂಡಿನ ಜವಾನ

ದೇಹವೇ ಬದಲಾದವರ ಮಾತು ಬಂದರೆ ಬೆಳಗಾವಿಯಿಂದ ದೂರ ಹೋಗಬೇಕಿಲ್ಲ. ಪಕ್ಕದ ಸಾಂಗಲಿ ಜಿಲ್ಲೆಯ ಪೇಠ್ ಇಸ್ಲಾಂಪುರದ ಮುರಳೀಕಾಂತ ಪೇಟ್ಕರ್ 1944ರಲ್ಲಿ ಹುಟ್ಟಿದವರು. ಸಿಕಂದರಾಬಾದಿನಲ್ಲಿ ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ದಳದಲ್ಲಿದ್ದು ಬಾಕ್ಸಿಂಗ್ ಆಡುತ್ತಿದ್ದರು. 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ವಲಯದಲ್ಲಿ ಗುಂಡು ತಗಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ಅವರಿಗೆ ಇಪ್ಪತ್ತು ವರ್ಷ. ಮುಂಬೈನ ನೌಕಾ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆಯ ಭಾಗವಾಗಿ ಈಜು ಶುರುವಾಯಿತು. 1968ರ ಟೆಲ್ ಅವಿವ್ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು ಟೇಬಲ್ ಟೆನಿಸ್ ಆಡಲು. 1972ರ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡ್‌ಗಳಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡನ್ನೂ ಸೇರಿಸಿದರೆ ಭಾರತೀಯನೊಬ್ಬ ಒಂಟಿಯಾಗಿ ಗೆದ್ದ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ. ಗೆದ್ದ ಮನುಷ್ಯ ಎಂಬತ್ತು ದಾಟುವವರೆಗೆ ಕಾಯಿಸಿದ್ದಕ್ಕೆ ಸಮರ್ಥನೆ ಇಲ್ಲ.

ಅವರ ಗೆಲುವನ್ನು ಬರೀ ಛಲ ಎಂದು ಹೇಳಿ ಮುಗಿಸಿದರೆ ಕಲಿಯಬೇಕಾದ್ದು ತಪ್ಪಿಹೋಗುತ್ತದೆ. ಬಾಕ್ಸರನ ಭುಜ, ಬೆನ್ನು, ಉಸಿರು ಉಳಿದಿದ್ದವು. ನೀರು ಕಾಲುಗಳ ಭಾರವನ್ನು ಹೊತ್ತಿತು. ಅಂದರೆ ಮೊದಲ ಆಟ ಕಟ್ಟಿದ ದೇಹದಲ್ಲಿ ಉಳಿದದ್ದಕ್ಕೆ ಹೊಂದುವ ಎರಡನೆಯ ಆಟ ಆಸ್ಪತ್ರೆಯಲ್ಲೇ ಸಿಕ್ಕಿತು. ಬ್ರಿಟನ್ನಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ 1944ರಿಂದ ಬೆನ್ನುಹುರಿ ಗಾಯದ ಸೈನಿಕರಿಗೆ ಮಾಡಿದ್ದೂ ಇದನ್ನೇ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಅಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅದು.

ಆಸ್ಪತ್ರೆಯಲ್ಲೇ ದಾರಿ ಸಿಗದಿದ್ದರೆ ಏನಾಗುತ್ತದೆ? ನಾಗಾಲ್ಯಾಂಡಿನ ಹೊಕಾಟೊ ಹೊಟೊಝೆ ಸೆಮಾ 2002ರಲ್ಲಿ ಕಾಶ್ಮೀರದ ಚೌಕಿಬಲ್‌ನಲ್ಲಿ ನೆಲಬಾಂಬ್ ಸಿಡಿದು ಎಡಗಾಲಿನ ಕೆಳಭಾಗ ಕಳೆದುಕೊಂಡರು. ಶಾಟ್‌ಪುಟ್ ಕೈಗೆತ್ತಿಕೊಂಡದ್ದು 2016ರಲ್ಲಿ, 32ನೆಯ ವಯಸ್ಸಿಗೆ, ಪುಣೆಯಲ್ಲಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಕೂತು ಎಸೆಯುವವರ ಎಫ್57 ವಿಭಾಗದಲ್ಲಿ 14.65 ಮೀಟರ್ ಎಸೆದು ಕಂಚು ಗೆದ್ದಾಗ ಅವರಿಗೆ 40. ಗಾಯಕ್ಕೂ ಆಟಕ್ಕೂ ನಡುವೆ ಹದಿನಾಲ್ಕು ವರ್ಷ. ಆ ಅಂತರವನ್ನು ಕಡಿಮೆ ಮಾಡುವುದೇ ಈಗಿನ ನಿಜವಾದ ಕೆಲಸ. ಪುಣೆಯ ಖಡ್ಕಿಯಲ್ಲಿ ಬಾಂಬೆ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ಸೇನೆಯ ಪ್ಯಾರಾ ಕ್ರೀಡಾ ನೆಲೆ ಇದೆ. ಪುಣೆಯಲ್ಲೇ 1944ರಿಂದ ಕೃತಕ ಅವಯವ ಕೇಂದ್ರವಿದೆ. ಬೆಳಗಾವಿಯಿಂದ ಮೀರಜ್ ಮೇಲೆ ರೈಲಿನಲ್ಲಿ ಒಂದೇ ದಾರಿ.

ಮೊದಲ ಆರು ತಿಂಗಳು

ಮೊಣಕಾಲಿನ ಕೆಳಗೆ ಕಾಲು ಹೋದವನ ಉದಾಹರಣೆ ತೆಗೆದುಕೊಳ್ಳೋಣ. ನೆಲಬಾಂಬಿನ ಗಾಯದಲ್ಲಿ ಹೆಚ್ಚಾಗಿ ಕಾಣುವುದು ಇದೇ. ಹೊಲಿಗೆ ಬಿಚ್ಚಲು ಎರಡು ಮೂರು ವಾರ. ಅದರ ಜೊತೆಗೇ ಉಳಿದ ಮೊಂಡುಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುವುದು ಶುರುವಾಗುತ್ತದೆ. ಸುತ್ತು 8ರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಅಡ್ಡಡ್ಡ ಬಳೆಯಂತೆ ಸುತ್ತಿದರೆ ರಕ್ತ ತುದಿಯಲ್ಲೇ ಕಟ್ಟಿಕೊಂಡು ಊತ ಬರುತ್ತದೆ, ಮೊಂಡು ಬುಗ್ಗೆಯ ಆಕಾರಕ್ಕೆ ತಿರುಗುತ್ತದೆ. ಆಮೇಲೆ ಕೃತಕ ಕಾಲಿನ ಸಾಕೆಟ್, ಅಂದರೆ ಮೊಂಡನ್ನು ಒಳಗೆ ಹಿಡಿಯುವ ಬಟ್ಟಲಿನಂಥ ಭಾಗ, ಸರಿಯಾಗಿ ಕೂರುವುದೇ ಇಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬಿಚ್ಚಿ, ಚರ್ಮ ನೋಡಿ, ಮತ್ತೆ ಸುತ್ತಬೇಕು.

ಮನೆಯಲ್ಲಿ ಆಗುವ ದೊಡ್ಡ ತಪ್ಪು ಪ್ರೀತಿಯಿಂದಲೇ ಆಗುವಂಥದ್ದು. ನೋವಾಗದಿರಲಿ ಎಂದು ಅವ್ವ ಮೊಣಕಾಲಿನ ಕೆಳಗೆ ದಿಂಬು ಇಡುತ್ತಾಳೆ. ಮಗ ದಿನವಿಡೀ ಮೊಣಕಾಲು ಮಡಿಸಿ ಮಲಗುತ್ತಾನೆ. ಕೆಲವೇ ವಾರಗಳಲ್ಲಿ ಮೊಣಕಾಲು ಮಡಚಿದಂತೆಯೇ ಸೆಟೆಯುತ್ತದೆ, ನೇರ ಆಗುವುದಿಲ್ಲ. ನೇರ ಆಗದ ಮೊಣಕಾಲಿಗೆ ಹಾಕಿದ ಕೃತಕ ಕಾಲಿನಲ್ಲಿ ನಡೆಯುವುದೇ ಕಷ್ಟ, ಓಟ ದೂರದ ಮಾತು. ದಿಂಬು ಬೇಡ. ದಿನಕ್ಕೆ ಮೂರು ಸಲ, ಹದಿನೈದು ಇಪ್ಪತ್ತು ನಿಮಿಷ ಬೋರಲು ಮಲಗಬೇಕು. ಕುರ್ಚಿಯಲ್ಲಿ ಕೂತಾಗ ಮೊಂಡಿನ ಕೆಳಗೆ ಹಲಗೆ ಕೊಟ್ಟು ಮೊಣಕಾಲನ್ನು ನೇರ ಚಾಚಿರಬೇಕು.

ಗಾಯ ಮಾಗಿದ್ದನ್ನು ನೋಡಿಕೊಂಡು ಎರಡು ಮೂರು ತಿಂಗಳಿಗೆ ಮೊದಲ ಕೃತಕ ಕಾಲು. ಮೊಂಡು ಮುಂದಿನ ಆರರಿಂದ ಹನ್ನೆರಡು ತಿಂಗಳು ಸಣ್ಣದಾಗುತ್ತಲೇ ಹೋಗುತ್ತದೆ. ಹಾಗಾಗಿ ಮೊದಲ ಸಾಕೆಟ್ ಸಡಿಲವಾಗುವುದು ಸಹಜ. ಕಾಲುಚೀಲದ ಪದರ ಸೇರಿಸುತ್ತ ಸರಿಮಾಡಬಹುದು. ಹತ್ತು ಪದರ ದಾಟಿತೆಂದರೆ ಹೊಸ ಸಾಕೆಟ್ ಬೇಕು. ಸಡಿಲ ಸಾಕೆಟ್‌ನಲ್ಲೇ ಓಡಿ ಚರ್ಮ ಹರಿದುಕೊಂಡು, ಸೋಂಕಾಗಿ, ಆರು ತಿಂಗಳ ದುಡಿಮೆ ಕಳೆದುಕೊಳ್ಳುವುದು ಓಟಗಾರರಲ್ಲೇ ಹೆಚ್ಚು. ಅವರಿಗೆ ತಾಳ್ಮೆಗಿಂತ ನೋವು ಸಹಿಸುವುದು ಸುಲಭ. ಕೃತಕ ಕಾಲಿನಲ್ಲಿ ಬರೀ ನಡೆಯುವುದಕ್ಕೆ ಮೊಣಕಾಲಿನ ಕೆಳಗೆ ಹೋದವನಿಗೆ ಸುಮಾರು ಕಾಲುಭಾಗದಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ, ಮೊಣಕಾಲಿನ ಮೇಲೆ ಹೋದವನಿಗೆ ಅರ್ಧಕ್ಕಿಂತಲೂ ಹೆಚ್ಚು. ಗರಡಿಯ ಹಾಲು, ಬಾದಾಮಿ, ತುಪ್ಪದ ಊಟವನ್ನು ಹಾಗೇ ಮುಂದುವರಿಸಿ ತೂಕ ಏರಿಸಿಕೊಂಡರೆ ಹೊರೆ ಮೊಂಡಿನ ಮೇಲೆ ಬೀಳುತ್ತದೆ, ಸಾಕೆಟ್ ಅಳತೆಯೂ ತಪ್ಪುತ್ತದೆ.

ಬೆನ್ನುಹುರಿ ಗಾಯವಾದರೆ ಎಚ್ಚರಿಕೆಯೇ ಬೇರೆ. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಲಿಕುರ್ಚಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು. ಸ್ಪರ್ಶ ತಿಳಿಯದ ಚರ್ಮದಲ್ಲಿ ಒತ್ತುಹುಣ್ಣು ಆದದ್ದು ಗೊತ್ತೇ ಆಗುವುದಿಲ್ಲ. ಒಂದು ಹುಣ್ಣು ತಿಂಗಳುಗಟ್ಟಲೆ ಮಲಗಿಸುತ್ತದೆ. ಗಾಯದ ಕೆಳಗಿನ ಭಾಗ ಸರಿಯಾಗಿ ಬೆವರುವುದಿಲ್ಲವಾದ್ದರಿಂದ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಬಿಸಿಲಿನಲ್ಲಿ ಗಾಲಿಕುರ್ಚಿಯ ಕ್ರೀಡಾಪಟು ಬೇಗ ಕುಸಿಯುತ್ತಾನೆ. ಬೆಳಿಗ್ಗೆ ಎಂಟರೊಳಗೆ ಅಭ್ಯಾಸ ಮುಗಿಸಬೇಕು. ಕುಡಿಯುವ ನೀರಲ್ಲದೆ ಮೈಗೆ ಚಿಮುಕಿಸಲು ಬೇರೆ ಬಾಟಲಿ ಇರಬೇಕು.

ಸ್ಫೋಟದ ಇನ್ನೊಂದು ಗಾಯವನ್ನು ಹೆಚ್ಚಿನವರು ಗಾಯವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಕಿವಿ. ಎರಡು ಕಿವಿಗಳಲ್ಲಿ ಹೆಚ್ಚು ಚೆನ್ನಾಗಿ ಕೇಳುವ ಕಿವಿಯಲ್ಲೂ ಸರಾಸರಿ 55 ಡೆಸಿಬಲ್‌ನಷ್ಟು ಶ್ರವಣ ನಷ್ಟವಿದ್ದರೆ ಕಿವುಡರ ಒಲಿಂಪಿಕ್ಸ್ ಆಟಗಳಿಗೆ ಅರ್ಹತೆ ಇದೆ. ಕೈಕಾಲು ಗಟ್ಟಿ ಇರುವ ಪೈಲ್ವಾನ ಕುಸ್ತಿ ಬಿಡಬೇಕಾಗಿಯೇ ಇಲ್ಲ. ಅಲ್ಲಿ ಕುಸ್ತಿಯೂ ಇದೆ.

ಮೂರು ಅಳತೆ, ಮೂರು ಉತ್ತರ

ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ. ಗಾಯಾಳು ಸೈನಿಕನ ದೇಹವನ್ನು ಮೂರು ಕಡೆ ಅಳೆಯುತ್ತಾರೆ, ಒಂದು ಕಡೆಯ ಉತ್ತರ ಇನ್ನೊಂದು ಕಡೆ ನಡೆಯುವುದಿಲ್ಲ.

ಸೇನೆಯ ವೈದ್ಯಕೀಯ ಮಂಡಳಿ ಶೇಕಡಾವಾರು ಅಂಗವೈಕಲ್ಯ ಕೊಡುವುದು ಪರಿಹಾರ ಮತ್ತು ಪಿಂಚಣಿಗೆ. ಅದರ ಜೊತೆ, ಗಾಯ ಸೇವೆಯಿಂದಾದದ್ದೇ ಎಂದೂ ಅದು ಹೇಳಬೇಕು. ಈ ಎರಡನೆಯ ಮಾತು ಬಿಟ್ಟುಹೋದರೆ ಶೇಕಡಾ ಎಷ್ಟಿದ್ದರೂ ಉಪಯೋಗ ಕಡಿಮೆ. ಗಾಯವಾದಾಗ ಘಟಕದಲ್ಲಿ ತುಂಬುವ ಐಎಎಫ್‌ವೈ-2006 ಎಂಬ ಗಾಯದ ವರದಿಯೇ ಇದಕ್ಕೆ ಆಧಾರ. ಅನುಮತಿಯ ಮೇರೆಗೆ ನಡೆದ ಘಟಕದ ಕ್ರೀಡೆಯಲ್ಲಿ ಮೊಣಕಾಲು ತಿರುಚಿದರೂ ಅದನ್ನು ಕರ್ತವ್ಯದ ಮೇಲಿನ ಗಾಯವೆಂದೇ ಪರಿಗಣಿಸುತ್ತಾರೆ. ಆದರೆ ‘ಆಟದಾಗ ಬಿದ್ದದ್ದಷ್ಟ’ ಎಂದು ಹುಡುಗರು ವರದಿಯನ್ನೇ ತುಂಬಿಸುವುದಿಲ್ಲ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲ ಮೇಲ್ಮನವಿಗೆ ಆರು ತಿಂಗಳ ಅವಧಿ. ಆಸ್ಪತ್ರೆ, ಮನೆ, ಕೃತಕ ಕಾಲು ಎಂದು ಓಡಾಡುವಷ್ಟರಲ್ಲಿ ಅದು ಮುಗಿದಿರುತ್ತದೆ.

ಎರಡನೆಯದು ನಾಗರಿಕ ಅಂಗವೈಕಲ್ಯ ಪ್ರಮಾಣಪತ್ರ, ಅಂದರೆ ಯುಡಿಐಡಿ ಕಾರ್ಡ್. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯ ಮಂಡಳಿಯ ಮುಂದೆ ಹೋಗಬೇಕು. ನೌಕರಿ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ 40% ಮತ್ತು ಮೇಲೆ ಬೇಕು. ಸೇನೆಯ ಪತ್ರ ಇದೆಯಲ್ಲ ಎಂದು ಇದನ್ನು ಬಿಟ್ಟವರು ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಮೂರನೆಯದು ಕ್ರೀಡಾ ವರ್ಗೀಕರಣ. ಇಲ್ಲಿ ಶೇಕಡಾ ಲೆಕ್ಕಕ್ಕೇ ಇಲ್ಲ. ಆಟದ ಮೇಲೆ ಅಂಗನಷ್ಟ ಎಷ್ಟು ಪರಿಣಾಮ ಬೀರುತ್ತದೆ ಎಂಬುದಷ್ಟೇ ಪ್ರಶ್ನೆ. ಮೊಣಕಾಲಿನ ಕೆಳಗೆ ಕಾಲು ಹೋದವನು ಕೃತಕ ಕಾಲಿನ ಮೇಲೆ ಓಡಿದರೆ ಟಿ64, ಮೊಣಕಾಲಿನ ಮೇಲೆ ಹೋಗಿದ್ದರೆ ಟಿ63. ಅದೇ ಮನುಷ್ಯ ಕೂತು ಎಸೆದರೆ ಎಫ್57. ಸೈಕಲ್ ತುಳಿಯುವವರಿಗೆ ಸಿ1ರಿಂದ ಸಿ5ರವರೆಗೆ, ಕೈಯಿಂದ ತಿರುಗಿಸುವ ಸೈಕಲ್‌ಗೆ ಎಚ್1ರಿಂದ ಎಚ್5ರವರೆಗೆ ವಿಭಾಗಗಳಿವೆ. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳ ಹತ್ತಿರ ಈ ಸಂಗತಿಯನ್ನು ಯಾರೂ ಮಾತಾಡುವುದಿಲ್ಲ ಎಂಬುದು ನಿಜವಾದ ನಷ್ಟ. ತೊಡೆ, ಸೊಂಟ, ಉಸಿರು ಪಳಗಿದ ಸೈಕ್ಲಿಸ್ಟ್‌ಗೆ ಒಂದು ಕಾಲಿನ ಕೆಳಭಾಗ ಹೋದ ಮೇಲೂ ತನ್ನದೇ ಆಟ ಉಳಿದಿರುತ್ತದೆ.

ಯಾವ ಬಾಗಿಲಿನಿಂದ ಒಳಗೆ ಹೋದ?

ಒಂದೇ ಗರಡಿಯ ಇಬ್ಬರು ಹುಡುಗರು, ಒಂದೇ ನೆಲಬಾಂಬ್, ಒಂದೇ ಗಾಯ. ಸಿಗುವುದು ಮಾತ್ರ ಬೇರೆ ಬೇರೆ.

ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟದ ಸಾಧನೆ ಇದ್ದವನು ಕ್ರೀಡಾ ಕೋಟಾದಲ್ಲಿ ನೇರ ಹವಾಲ್ದಾರ್ ಅಥವಾ ನಾಯಬ್ ಸುಬೇದಾರ್ ಆಗಿ ಸೇರಬಹುದು. ಅದು ಕಾಯಂ ಸೇವೆ. ಗಾಯದ ಕಾರಣಕ್ಕೆ ಸೇನೆಯಿಂದ ಹೊರಬಂದರೆ ಜೀವಮಾನದ ಪಿಂಚಣಿ, ಅದರಲ್ಲಿ ಅಂಗವೈಕಲ್ಯದ ಅಂಶ, ಮಾಜಿ ಸೈನಿಕರ ಆರೋಗ್ಯ ಯೋಜನೆ ಎಲ್ಲವೂ ಇರುತ್ತವೆ. ಜಿಲ್ಲಾ ಮಟ್ಟದ ಪದಕದವನು ಅಗ್ನಿವೀರ್ ಆಗಿ ಸೇರುತ್ತಾನೆ. ನಾಲ್ಕು ವರ್ಷದ ಸೇವೆ, ಆಮೇಲೆ 25% ಮಂದಿಗೆ ಮಾತ್ರ ಮುಂದುವರಿಕೆ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಒಂದು ಸಲದ ಪರಿಹಾರ: 20ರಿಂದ 49% ಇದ್ದರೆ 50% ಎಂದು ಲೆಕ್ಕ ಹಿಡಿದು 15 ಲಕ್ಷ, 50ರಿಂದ 75% ಇದ್ದರೆ 25 ಲಕ್ಷ, 76% ಮೇಲಿದ್ದರೆ 44 ಲಕ್ಷ ರೂಪಾಯಿ. ಅದರ ಜೊತೆಗೆ ಬಾಕಿ ಉಳಿದ ಅವಧಿಯ ಸಂಬಳ ಹಾಗೂ ಸೇವಾ ನಿಧಿ ಎಂಬ ಇಡುಗಂಟು. ಜೀವಮಾನದ ಪಿಂಚಣಿ ಇಲ್ಲ.

ಈ ವ್ಯತ್ಯಾಸದ ತೂಕ ಕೃತಕ ಕಾಲಿನ ಲೆಕ್ಕದಲ್ಲಿ ತಿಳಿಯುತ್ತದೆ. ಕೃತಕ ಕಾಲೊಂದು ಮೂರರಿಂದ ಐದು ವರ್ಷ ಬಾಳುತ್ತದೆ, ಸಾಕೆಟ್ ಅದಕ್ಕಿಂತ ಕಡಿಮೆ. 22ರ ಹುಡುಗ 62 ಮುಟ್ಟುವಷ್ಟರಲ್ಲಿ ಸುಮಾರು ಹತ್ತು ಕಾಲು ಬದಲಿಸಬೇಕು. ಓಟದ ಬ್ಲೇಡ್ ಬೇಕೆಂದರೆ ಅದು ಬೇರೆ, ಒಂದಕ್ಕೇ ಲಕ್ಷಗಳ ಮಾತು. 25 ಲಕ್ಷವನ್ನು 7% ಬಡ್ಡಿಗೆ ಇಟ್ಟರೆ ತಿಂಗಳಿಗೆ ಸಿಗುವುದು ಹದಿನಾಲ್ಕೂವರೆ ಸಾವಿರ. ಮನೆ ನಡೆಸಿ ಉಳಿದದ್ದರಲ್ಲಿ ಕಾಲು ಕೊಳ್ಳಬೇಕು, ಬಡ್ಡಿ ಅದೇ ಇದ್ದರೂ ಬೆಲೆ ಏರುತ್ತಲೇ ಹೋಗುತ್ತದೆ. ಖರ್ಚು ಜೀವನಪೂರ್ತಿಯದ್ದು, ಪರಿಹಾರ ಒಂದು ಸಲದ್ದು. ಗಾಯಗೊಂಡ ಅಗ್ನಿವೀರನಿಗೆ ಕನಿಷ್ಠ ಕೃತಕ ಅವಯವ ಬದಲಾವಣೆಯನ್ನಾದರೂ ಜೀವನಪೂರ್ತಿ ಸರ್ಕಾರ ಹೊರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಂಸದರು, ಶಾಸಕರು ಸೈನಿಕರ ಸನ್ಮಾನ ಸಭೆಗಳಲ್ಲಿ ಈ ಬೇಡಿಕೆಯನ್ನು ಎತ್ತಬೇಕು.

ಹೀಗಾಗಿ ಭರ್ತಿಗೆ ಹೊರಟ ಹುಡುಗನಿಗೆ ಗರಡಿಯ ಗುರು ವಸ್ತಾದ ಹೇಳಬೇಕಾದ ಮೊದಲ ಮಾತು, ರಾಷ್ಟ್ರೀಯ ಮಟ್ಟದ ಪದಕ ಕೈಗೆಟುಕುವಂತಿದ್ದರೆ ಇನ್ನೊಂದು ವರ್ಷ ಆಡು, ಕ್ರೀಡಾ ಬಾಗಿಲಿನಿಂದ ಹೋಗು ಎಂಬುದು. ಪ್ರಮಾಣಪತ್ರಗಳ ಮೂಲ ಪ್ರತಿ ಮನೆಯಲ್ಲಿ, ಸ್ಕ್ಯಾನ್ ಮಾಡಿದ್ದು ಫೋನಿನಲ್ಲಿ, ಒಂದು ಪ್ರತಿ ಗರಡಿಯಲ್ಲಿ ಇರಲಿ. ಗಾಯವಾದರೆ ಖಡ್ಕಿಯ ತರಬೇತುದಾರರಿಗೆ ಈತ ಮೊದಲು ಏನಾಗಿದ್ದ ಎಂದು ತೋರಿಸುವ ಪುರಾವೆಯೂ ಅದೇ.

ಉದ್ಯಮಬಾಗದಲ್ಲಿ ಆಗಬಹುದಾದ ಕೆಲಸ

ಕಾಲು ಕಳೆದುಕೊಂಡ ಪೈಲ್ವಾನನಿಗೆ ಅತಿ ಹತ್ತಿರದ ಆಟ ಕೂತು ಎಸೆಯುವುದು. ಎಫ್57 ಪುರುಷರ ಶಾಟ್, ಅಂದರೆ ಎಸೆಯುವ ಗುಂಡು, 4 ಕೆ.ಜಿ., ಡಿಸ್ಕಸ್ 1 ಕೆ.ಜಿ., ಜಾವೆಲಿನ್ 600 ಗ್ರಾಂ. ಗುಂಡಿಗಿಂತ ಕಷ್ಟಪಟ್ಟು ಸಿಗುವುದು ಕೂರುವ ಚೌಕಟ್ಟು. ನಿಯಮ ಸರಳವಾಗಿದೆ: ಆಸನದ ಎತ್ತರ, ಮೇಲಿನ ದಿಂಬನ್ನೂ ಸೇರಿಸಿ, 75 ಸೆಂ.ಮೀ. ಮೀರಬಾರದು. ಹಿಡಿಯುವ ಕಂಬದಲ್ಲಿ ಸ್ಪ್ರಿಂಗಿನಂತೆ ಚಿಮ್ಮುವ ಯಾವುದೂ ಇರಬಾರದು. ಎಸೆತ ಮುಗಿಯುವವರೆಗೆ ಮೊಣಕಾಲಿನ ಹಿಂಬದಿಯಿಂದ ಕೂರುವ ಎಲುಬಿನವರೆಗೆ ತೊಡೆ ಆಸನಕ್ಕೆ ತಾಗಿಯೇ ಇರಬೇಕು.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಘಟಕಗಳೂ ವೆಲ್ಡಿಂಗ್ ಶೆಡ್‌ಗಳೂ ಸಾಲಾಗಿವೆ. ಚದರ ಕಬ್ಬಿಣದ ಪೈಪಿನಲ್ಲಿ ಈ ಚೌಕಟ್ಟು ಕಟ್ಟುವುದು ಅಲ್ಲಿನ ಕಸಬುದಾರರಿಗೆ ಒಂದು ದಿನದ ಕೆಲಸ. ತಪ್ಪುವುದು ಮೂರು ಕಡೆ. ಆಸನವನ್ನೇ 75 ಸೆಂ.ಮೀ.ಗೆ ಮಾಡಿ, ಮೇಲೆ ಐದು ಸೆಂ.ಮೀ. ದಿಂಬು ಹಾಕಿದರೆ ಅಳತೆಯಲ್ಲಿ ಅನರ್ಹ. ಆಸನ 68-70 ಸೆಂ.ಮೀ.ಗೆ ನಿಲ್ಲಿಸಬೇಕು. ಕಟ್ಟುವ ಬೆಲ್ಟ್ ಹಿಗ್ಗುವಂಥದ್ದಾದರೆ ಎಸೆತದ ಹೊತ್ತಿಗೆ ಸೊಂಟ ಮೇಲೇಳುತ್ತದೆ, ಫೌಲ್ ಆಗುತ್ತದೆ. ಕುಸ್ತಿಯಲ್ಲಿ ಸೊಂಟ ಎತ್ತಿ ಎದುರಾಳಿಯನ್ನು ಎಸೆದು ರೂಢಿಯಾದವನಿಗೆ ಈ ಫೌಲ್ ಮತ್ತೆ ಮತ್ತೆ ಬರುತ್ತದೆ, ಮೊದಲ ತಿಂಗಳು ಖಾಲಿ ಕೈಯಲ್ಲಿ ಬರೀ ಮೈ ತಿರುಗಿಸುವ ಅಭ್ಯಾಸ ಮಾಡಿಸಬೇಕು. ಮೂರನೆಯದು, ಚೌಕಟ್ಟು ಅಲುಗಾಡುವುದು. ತೋಳಿನ ಶಕ್ತಿ ಗುಂಡಿಗೆ ಹೋಗುವ ಬದಲು ಕುರ್ಚಿಯನ್ನು ಹಿಂದಕ್ಕೆ ತಳ್ಳುವುದರಲ್ಲಿ ಪೋಲಾಗುತ್ತದೆ. ಅದಕ್ಕಾಗಿ ಚೌಕಟ್ಟನ್ನು ನಾಲ್ಕೂ ಮೂಲೆಯಿಂದ ನೆಲಕ್ಕೆ ಬಿಗಿಯಬೇಕು.

ಜಿಲ್ಲಾ ಕ್ರೀಡಾಂಗಣಗಳ ಎಸೆತದ ವೃತ್ತಗಳು ಸಿಮೆಂಟಿನವು. ಮೊಳೆ ಹೊಡೆಯಲು ಬರುವುದಿಲ್ಲ. ವೃತ್ತದ ಹೊರಗೆ ನಾಲ್ಕು ಕಬ್ಬಿಣದ ಕೊಂಡಿಗಳನ್ನು ಕಾಂಕ್ರೀಟಿನಲ್ಲಿ ಹೂಳಿಸಿ, ನೆಲದ ಮಟ್ಟಕ್ಕೆ ಮುಚ್ಚಳ ಹಾಕಿದರೆ ನಿಂತು ಎಸೆಯುವವರಿಗೂ ತೊಡಕಾಗುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೂರೂ ಕ್ರೀಡಾಂಗಣಗಳಲ್ಲಿ ಇದಕ್ಕೆ ದೊಡ್ಡ ಟೆಂಡರ್ ಬೇಡ; ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿ ಒಂದು ಪತ್ರ ಬರೆದು, ಸೈನಿಕ ಕಲ್ಯಾಣ ಕಚೇರಿಯಿಂದ ಜಿಲ್ಲೆಯ ಗಾಯಾಳು ಸೈನಿಕರ ಪಟ್ಟಿ ತರಿಸಿಕೊಂಡರೆ ಯಾರಿಗಾಗಿ ಈ ಕೊಂಡಿ ಎಂಬುದೂ ಅಲ್ಲೇ ಗೊತ್ತಾಗುತ್ತದೆ.